ರಕ್ತದಲ್ಲಿ ಮದ್ಯದ ಉಪೋತ್ಪನ್ನಗಳ ಮಾಪನ

ಕುಡಿದ ಮದ್ಯಸಾರ, ಅಂದರೆ ಎಥನಾಲ್, ದೇಹದಲ್ಲಿ ರೂಪಾಂತರ ಹೊಂದುವಾಗ ಹುಟ್ಟುವ ಅಸಿಟಾಲ್ಡಿಹೈಡ್, ಅಸಿಟೇಟ್, ಎಥೈಲ್ ಗ್ಲುಕುರೊನೈಡ್, ಫಾಸ್ಫಟಿಡೈಲ್ ಎಥನಾಲ್ ಮೊದಲಾದ ಪದಾರ್ಥಗಳ ಪ್ರಮಾಣವನ್ನು ರಕ್ತದಲ್ಲಿ ನಿರ್ಧರಿಸುವ ಕ್ರಮ. ವೈದ್ಯಕೀಯ ಚಿಕಿತ್ಸೆ, ನ್ಯಾಯವಿಜ್ಞಾನ, ವ್ಯಸನಮುಕ್ತಿಯ ನಿಗಾ, ಯಕೃತ್ತಿನ ಕಸಿಗೆ ಮುನ್ನ ನಡೆಯುವ ತಪಾಸಣೆ, ಕ್ಯಾನ್ಸರ್ ಸಂಶೋಧನೆ ಇವುಗಳಲ್ಲೆಲ್ಲ ಇದರ ಬಳಕೆ ಇದೆ. ಎಥನಾಲನ್ನೇ ಅಳೆಯುವುದು ಈಗ ಪ್ರಯೋಗಾಲಯಗಳ ದಿನನಿತ್ಯದ ಕೆಲಸ. ಉಪೋತ್ಪನ್ನಗಳ ಮಾತು ಹಾಗಲ್ಲ. ಕೆಲವು ರಕ್ತದಲ್ಲಿ ಇರುವುದೇ ಅತ್ಯಲ್ಪ; ಕೆಲವು ನಿಮಿಷಗಳಲ್ಲಿ ಕಾಣೆಯಾಗುತ್ತವೆ; ಇನ್ನು ಕೆಲವು ರಕ್ತ ಸಿರಿಂಜಿನಿಂದ ಟ್ಯೂಬಿಗೆ ಇಳಿದ ಮೇಲೂ ಹುಟ್ಟುತ್ತಲೇ ಇರುತ್ತವೆ. ಹೀಗಾಗಿ ರಿಪೋರ್ಟಿನಲ್ಲಿ ಬರುವ ಅಂಕಿಯಲ್ಲಿ ದೇಹ ಮಾಡಿದ್ದೆಷ್ಟು, ಟ್ಯೂಬು ಮಾಡಿದ್ದೆಷ್ಟು ಎಂಬ ಪ್ರಶ್ನೆ ಸದಾ ಉಳಿಯುತ್ತದೆ. ಈ ಕ್ಷೇತ್ರದ ಚರಿತ್ರೆ ಬಹುಮಟ್ಟಿಗೆ ಇವೆರಡನ್ನು ಬೇರ್ಪಡಿಸಲು ನಡೆದ ಹೆಣಗಾಟದ ಚರಿತ್ರೆ.

ಉಪೋತ್ಪನ್ನಗಳ ಹುಟ್ಟು

ಹೊಟ್ಟೆ ಸೇರಿದ ಎಥನಾಲಿನ ಬಹುಪಾಲು ಯಕೃತ್ತಿನಲ್ಲಿ ಉತ್ಕರ್ಷಣೆಗೊಳ್ಳುತ್ತದೆ. ಉಸಿರು, ಮೂತ್ರ, ಬೆವರುಗಳ ಮೂಲಕ ಇದ್ದಂತೆಯೇ ಹೊರಹೋಗುವ ಭಾಗ ಸಾಮಾನ್ಯವಾಗಿ ಶೇ. 10ನ್ನು ಮೀರುವುದಿಲ್ಲ. ಆಲ್ಕೊಹಾಲ್ ಡಿಹೈಡ್ರೊಜಿನೇಸ್ ಎಂಬ ಕಿಣ್ವ ಎಥನಾಲನ್ನು ಅಸಿಟಾಲ್ಡಿಹೈಡ್ ಆಗಿ ಮಾರ್ಪಡಿಸುತ್ತದೆ. ಕುಡಿತ ಹೆಚ್ಚಿದ್ದವರಲ್ಲಿ ಸೈಟೊಕ್ರೋಮ್ ಕುಟುಂಬದ ಇನ್ನೊಂದು ಕಿಣ್ವವೂ ಈ ಕೆಲಸಕ್ಕೆ ಕೈಜೋಡಿಸುತ್ತದೆ. ಅಸಿಟಾಲ್ಡಿಹೈಡನ್ನು ಆಲ್ಡಿಹೈಡ್ ಡಿಹೈಡ್ರೊಜಿನೇಸ್, ಮುಖ್ಯವಾಗಿ ಮೈಟೊಕಾಂಡ್ರಿಯದಲ್ಲಿರುವ ಎಎಲ್‌ಡಿಎಚ್2 ರೂಪ, ಅಸಿಟೇಟಿಗೆ ಇಳಿಸುತ್ತದೆ. ಅಸಿಟೇಟ್ ರಕ್ತಕ್ಕೆ ಬಂದು ಸ್ನಾಯು, ಹೃದಯ, ಮಿದುಳುಗಳಲ್ಲಿ ಉರಿದು ಕಾರ್ಬನ್ ಡೈಆಕ್ಸೈಡ್ ಮತ್ತು ನೀರಾಗುತ್ತದೆ. ಇದು ಹೆದ್ದಾರಿ. ಪಕ್ಕದ ಓಣಿಗಳೂ ಇವೆ: ಎಥನಾಲಿನ ಸಾವಿರದಲ್ಲಿ ಒಂದು ಪಾಲಿಗೂ ಕಡಿಮೆ ಭಾಗ ಗ್ಲುಕುರೊನಿಕ್ ಆಮ್ಲದೊಂದಿಗೆ ಸೇರಿ ಎಥೈಲ್ ಗ್ಲುಕುರೊನೈಡ್, ಸಲ್ಫೇಟಿನೊಂದಿಗೆ ಸೇರಿ ಎಥೈಲ್ ಸಲ್ಫೇಟ್, ಕೊಬ್ಬಿನ ಆಮ್ಲಗಳೊಂದಿಗೆ ಸೇರಿ ಎಥೈಲ್ ಎಸ್ಟರುಗಳು, ಕೋಶಪೊರೆಯ ಫಾಸ್ಫೊಲಿಪಿಡ್‌ನೊಂದಿಗೆ ಸೇರಿ ಫಾಸ್ಫಟಿಡೈಲ್ ಎಥನಾಲ್ ಆಗುತ್ತದೆ. ಪ್ರಮಾಣದಲ್ಲಿ ನಗಣ್ಯವಾದ ಈ ಕೊನೆಯ ಗುಂಪೇ ಇಂದು ಪ್ರಯೋಗಾಲಯಗಳಿಗೆ ಹೆಚ್ಚು ಬೇಕಾಗಿರುವುದು. ಎಥನಾಲ್ ರಕ್ತದಿಂದ ಗಂಟೆಗಳಲ್ಲಿ ಖಾಲಿಯಾದರೆ ಇವು ದಿನಗಟ್ಟಲೆ, ವಾರಗಟ್ಟಲೆ ಉಳಿಯುತ್ತವೆ.

ಎಥನಾಲಿನ ಅಳತೆ ಕಲಿಸಿದ ಪಾಠ

ಸ್ವೀಡನ್ನಿನ ಎರಿಕ್ ವಿಡ್ಮಾರ್ಕ್ 1922ರಲ್ಲಿ ಕೆಲವೇ ಹನಿ ರಕ್ತದಲ್ಲಿ ಮದ್ಯಸಾರ ಅಳೆಯುವ ಸೂಕ್ಷ್ಮ ವಿಧಾನವನ್ನು ಪ್ರಕಟಿಸಿದ. ಆವಿಯಾಗಿ ಮೇಲೇಳುವ ಎಥನಾಲನ್ನು ಡೈಕ್ರೊಮೇಟ್ ಮತ್ತು ಗಂಧಕಾಮ್ಲದ ಮಿಶ್ರಣ ಹೀರಿಕೊಂಡು ಉತ್ಕರ್ಷಿಸುತ್ತಿತ್ತು. ಎಷ್ಟು ಡೈಕ್ರೊಮೇಟ್ ಖರ್ಚಾಯಿತೆಂಬುದರ ಮೇಲೆ ಲೆಕ್ಕ. ತೊಡಕೆಂದರೆ, ಸುಲಭವಾಗಿ ಆವಿಯಾಗುವ, ಸುಲಭವಾಗಿ ಉತ್ಕರ್ಷಣೆಗೊಳ್ಳುವ ಯಾವ ಪದಾರ್ಥವನ್ನೂ ಡೈಕ್ರೊಮೇಟ್ ಬಿಡದು. ಹತೋಟಿ ತಪ್ಪಿದ ಮಧುಮೇಹಿಯ ಅಸಿಟೋನ್ ಕೂಡ ಅದರ ಲೆಕ್ಕಕ್ಕೆ ಸೇರುತ್ತಿತ್ತು. 1950ರ ದಶಕದಲ್ಲಿ ಕಿಣ್ವ ವಿಧಾನ ಬಂದು ಈ ದೋಷ ಬಹಳ ತಗ್ಗಿತು, ಆದರೆ ಹೊಸ ದೋಷವೊಂದು ಸೇರಿಕೊಂಡಿತು: ತೀವ್ರ ಗಾಯಾಳುವಿನ ಸೀರಮ್‌ನಲ್ಲಿ ಲ್ಯಾಕ್ಟೇಟ್ ಮತ್ತು ಲ್ಯಾಕ್ಟೇಟ್ ಡಿಹೈಡ್ರೊಜಿನೇಸ್ ಎರಡೂ ಏರಿದ್ದರೆ, ಒಂದು ತೊಟ್ಟೂ ಕುಡಿಯದವನ ರಿಪೋರ್ಟಿನಲ್ಲಿ ಮದ್ಯಸಾರ ಕಾಣಿಸಿಕೊಳ್ಳಬಹುದು. ಆಮೇಲೆ ಬಂದ ಹೆಡ್‌ಸ್ಪೇಸ್ ಗ್ಯಾಸ್ ಕ್ರೊಮಟಾಗ್ರಫಿಯೇ ಇಂದಿಗೂ ನ್ಯಾಯಾಲಯಗಳ ಮಟ್ಟಿಗೆ ಪ್ರಮಾಣ. ಮುಚ್ಚಿದ ಸಣ್ಣ ಗಾಜಿನ ಸೀಸೆಯಲ್ಲಿ ರಕ್ತವನ್ನು ಬಿಸಿಮಾಡಿ, ಮೇಲೆ ಕೂಡುವ ಆವಿಯನ್ನು ಯಂತ್ರಕ್ಕೆ ಹಾಯಿಸಿ, ಎರಡು ಬೇರೆ ಬೇರೆ ಕಾಲಮ್‌ಗಳಲ್ಲಿ ಉತ್ತರ ಒಂದೇ ಬರುತ್ತದೆಯೇ ಎಂದು ನೋಡುತ್ತಾರೆ.

ಇಲ್ಲಿಯೂ ಯಾವ ರಕ್ತ ಎಂಬ ಪ್ರಶ್ನೆ ಉಳಿಯುತ್ತದೆ. ಎಥನಾಲ್ ನೀರಿನ ಬೆನ್ನುಹತ್ತುವ ಪದಾರ್ಥ. ಇಡೀ ರಕ್ತಕ್ಕಿಂತ ಸೀರಮ್‌ನಲ್ಲಿ ನೀರು ಹೆಚ್ಚಾದ್ದರಿಂದ ಸೀರಮ್ ಅಂಕಿ ಸುಮಾರು ಶೇ. 15ರಷ್ಟು ಮೇಲಿರುತ್ತದೆ. ಮೋಟಾರು ವಾಹನ ಕಾಯ್ದೆ, 1988ರ 185ನೆಯ ಕಲಂ ಹೇಳುವ ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ. ಅಪಘಾತದ ವಾರ್ಡಿನಲ್ಲಿ ಚಿಕಿತ್ಸೆಗಾಗಿ ತೆಗೆದ ಸೀರಮ್ 34 ಎಂದು ತೋರಿಸಿದರೆ ಇಡೀ ರಕ್ತದ ಲೆಕ್ಕದಲ್ಲಿ ಅದು 30ರ ಒಳಗೇ ಬರಬಹುದು. ಆಸ್ಪತ್ರೆಯ ಸೀರಮ್ ಅಂಕಿಯನ್ನು ಹಾಗೆಯೇ ಎತ್ತಿ ಆರೋಪಪಟ್ಟಿಗೆ ಬರೆದರೆ ಆಗುವ ಅನ್ಯಾಯ ಇದು.

ರಕ್ತ ತೆಗೆಯುವಾಗಿನ ಎಚ್ಚರಗಳು ಬಹುಮಟ್ಟಿಗೆ ಎಲ್ಲರಿಗೂ ಗೊತ್ತು. ತೋಳನ್ನು ಸ್ಪಿರಿಟ್ ಹತ್ತಿಯಿಂದ ಒರೆಸಬಾರದು, ಬೂದು ಮುಚ್ಚಳದ, ಸೋಡಿಯಂ ಫ್ಲೂರೈಡ್ ಮತ್ತು ಪೊಟ್ಯಾಸಿಯಂ ಆಕ್ಸಲೇಟ್ ಇರುವ ಟ್ಯೂಬನ್ನೇ ಬಳಸಬೇಕು, ತಂಪಾಗಿ ಇಡಬೇಕು. ಮರಣೋತ್ತರ ಪರೀಕ್ಷೆಯಲ್ಲಿ ಹೃದಯದ ರಕ್ತಕ್ಕಿಂತ ತೊಡೆಯ ಅಭಿಧಮನಿಯ ರಕ್ತ ಮೇಲು. ವಿಷಪ್ರಕರಣಗಳಲ್ಲಿ ಒಳಾಂಗಗಳನ್ನು ರೆಕ್ಟಿಫೈಡ್ ಸ್ಪಿರಿಟಿನಲ್ಲಿ ಇಡುವ ರೂಢಿಯೂ ಉಂಟು, ಆದರೆ ಮದ್ಯದ ಶಂಕೆ ಇದ್ದಲ್ಲಿ ಉಪ್ಪುನೀರೇ ಗತಿ ಎಂಬುದು ನ್ಯಾಯವೈದ್ಯಶಾಸ್ತ್ರದ ಮೊದಲ ಪಾಠಗಳಲ್ಲಿ ಒಂದು.

ಫ್ಲೂರೈಡ್ ಸೂಕ್ಷ್ಮಜೀವಿಗಳ ಹುದುಗುವಿಕೆಯನ್ನು ತಡೆಯುತ್ತದೆ. ಅದು ತಡೆಯಲಾರದ್ದು ಇನ್ನೊಂದಿದೆ. ಆಮ್ಲಜನಕ ಹೊತ್ತ ಹೀಮೊಗ್ಲೋಬಿನ್ ತನ್ನಷ್ಟಕ್ಕೆ ತಾನೇ ಎಥನಾಲಿನ ಒಂದು ಸಣ್ಣ ಭಾಗವನ್ನು ನಿಧಾನವಾಗಿ ಉತ್ಕರ್ಷಿಸುತ್ತದೆ. ಸಂಗ್ರಹಿಸಿಟ್ಟ ರಕ್ತದಲ್ಲಿ ಎಥನಾಲ್ ಮೆಲ್ಲಗೆ ಕುಸಿಯಲು ಇದೂ ಒಂದು ಕಾರಣ ಎಂದು 1970ರ ದಶಕದಲ್ಲೇ ತೋರಿಸಲಾಗಿತ್ತು. ಎಥನಾಲ್ ಅಳೆಯುವವನಿಗೆ ಇದೊಂದು ಕ್ಷುಲ್ಲಕ ನಷ್ಟ. ಆದರೆ ಆ ಕ್ರಿಯೆಯ ಉತ್ಪನ್ನ ಅಸಿಟಾಲ್ಡಿಹೈಡ್. ಅದನ್ನೇ ಅಳೆಯಲು ಹೊರಟವನಿಗೆ ಇದು ಬುಡಕ್ಕೇ ಬರುವ ಕೊಡಲಿ.

ಅಸಿಟಾಲ್ಡಿಹೈಡ್

ಮದ್ಯದ ಉಪೋತ್ಪನ್ನಗಳಲ್ಲಿ ಅತಿ ಹೆಚ್ಚು ಚರ್ಚೆಗೊಳಗಾದದ್ದೂ ಅತಿ ಹೆಚ್ಚು ತಪ್ಪಾಗಿ ಅಳೆಯಲ್ಪಟ್ಟದ್ದೂ ಇದೇ. ಮುಖ ಕೆಂಪೇರುವುದು, ಎದೆಬಡಿತ, ವಾಕರಿಕೆ ಇದರ ಕೆಲಸ. ಕುಡಿತಕ್ಕೆ ಸಂಬಂಧಿಸಿದ ಅಸಿಟಾಲ್ಡಿಹೈಡನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾದ ಒಂದನೆಯ ಗುಂಪಿಗೆ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2009ರಲ್ಲಿ ಸೇರಿಸಿತು.

ಇದರ ಕುದಿಬಿಂದು ಸುಮಾರು 20 ಡಿಗ್ರಿ ಸೆಲ್ಸಿಯಸ್. ಬೆಂಗಳೂರಿನ ಜನವರಿಯ ಬೆಳಗಿನಲ್ಲಷ್ಟೇ ದ್ರವವಾಗಿ ನಿಲ್ಲಬಲ್ಲ ಪದಾರ್ಥ. ರಾಯಚೂರಿನ ಬೇಸಿಗೆಯ ಮಾತು ಬೇಡ. ಪೈಪೆಟ್ಟಿನಿಂದ ಪೈಪೆಟ್ಟಿಗೆ ಹೋಗುವಷ್ಟರಲ್ಲಿ ಅದರ ಒಂದು ಪಾಲು ಗಾಳಿಗೆ ಸೇರಿರುತ್ತದೆ. ಹೋಲಿಕೆಗಾಗಿ ತಯಾರಿಸುವ ಪ್ರಮಾಣ ದ್ರಾವಣವೇ ದುರ್ಬಲವಾಗಿದ್ದರೆ ಅದರ ಮೇಲೆ ನಿಂತ ಎಲ್ಲ ಅಂಕಿಗಳೂ ಉಬ್ಬುತ್ತವೆ. ಇದರ ಜೊತೆಗೆ ಅಸಿಟಾಲ್ಡಿಹೈಡ್ ಪ್ರೋಟೀನಿಗೆ ಅಂಟುವುದರಲ್ಲಿ ನಿಸ್ಸೀಮ. ರಕ್ತದಲ್ಲಿ ಅದರ ಗಣನೀಯ ಭಾಗ ಕೆಂಪು ಕಣಗಳೊಳಗೆ ಹೀಮೊಗ್ಲೋಬಿನ್ನಿಗೆ ಅಂಟಿಕೊಂಡಿರುತ್ತದೆ. ಕೆಲವು ಬಂಧಗಳು ಸಡಿಲ, ಕೆಲವು ಬಿಗಿ. ಮೇಲಾಗಿ ಕೆಂಪು ಕಣದೊಳಗೂ ಆಲ್ಡಿಹೈಡ್ ಡಿಹೈಡ್ರೊಜಿನೇಸ್ ಇದೆ. ಟ್ಯೂಬು ರ‍್ಯಾಕಿನಲ್ಲಿ ಕಾಯುತ್ತಿರುವಾಗ ಈ ಕಿಣ್ವ ಅಸಿಟಾಲ್ಡಿಹೈಡನ್ನು ಕರಗಿಸುತ್ತಲೇ ಇರುತ್ತದೆ.

ಪ್ರಮಾಣ ದ್ರಾವಣದ ದೋಷ ಬಿಟ್ಟರೆ ಇವೆಲ್ಲ ಅಂಕಿಯನ್ನು ಕೆಳಗೆಳೆಯುವ ಕಾರಣಗಳು. ಮೇಲೇರಿಸುವ ಕಾರಣ ಇನ್ನೂ ಬಲವಾದದ್ದು, ಮತ್ತು ಅದು ಬೆಳಕಿಗೆ ಬಂದದ್ದು ತಡವಾಗಿ. ನೂರು ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಎಥನಾಲ್ ಎಂದರೆ ಲೀಟರಿಗೆ ಸುಮಾರು 6,500 ಮೈಕ್ರೊಮೋಲ್. ಎಎಲ್‌ಡಿಎಚ್2 ಸರಿಯಾಗಿ ಕೆಲಸ ಮಾಡುವವರ ತೋಳಿನ ಅಭಿಧಮನಿಯಲ್ಲಿ ಅದೇ ಹೊತ್ತಿಗೆ ಇರುವ ಅಸಿಟಾಲ್ಡಿಹೈಡ್ ಒಂದೆರಡು ಮೈಕ್ರೊಮೋಲಿಗೂ ಕಡಿಮೆ. ಒಳ್ಳೆಯ ವಿಧಾನಗಳಲ್ಲಿ ಎಷ್ಟೋ ಸಲ ಅದು ಕಾಣಿಸುವುದೇ ಇಲ್ಲ. ಈಗ ಲೆಕ್ಕ ನೋಡಿ: ರಕ್ತ ಹೊರಬಂದ ಮೇಲೆ ಪ್ರತಿ 6,500 ಎಥನಾಲ್ ಅಣುಗಳಲ್ಲಿ ಒಂದೇ ಒಂದು ಉತ್ಕರ್ಷಣೆಗೊಂಡರೂ ಸಾಕು, ಒಂದು ಮೈಕ್ರೊಮೋಲ್ ಅಸಿಟಾಲ್ಡಿಹೈಡ್ ಹೊಸದಾಗಿ ಹುಟ್ಟಿ ಅಂಕಿ ಇಮ್ಮಡಿಯಾಗುತ್ತದೆ. ಹತ್ತು ಅಣುಗಳಾದರೆ ಹತ್ತು ಮೈಕ್ರೊಮೋಲ್. ಎಥನಾಲಿನ ಅಳತೆಯಲ್ಲಿ ಇಷ್ಟು ನಷ್ಟ ಯಾವ ಯಂತ್ರಕ್ಕೂ ತಿಳಿಯುವುದಿಲ್ಲ.

ಈ ಕೃತಕ ಉತ್ಪತ್ತಿಗೆ ದಾರಿ ಮಾಡಿಕೊಡುತ್ತಿದ್ದದ್ದು ಪ್ರಯೋಗಾಲಯದ ಕ್ರಮವೇ ಎಂಬುದು ಇಲ್ಲಿನ ವಿಪರ್ಯಾಸ. ರಕ್ತದೊಳಗಿನ ಕಿಣ್ವಗಳನ್ನು ನಿಲ್ಲಿಸಲು, ಪ್ರೋಟೀನನ್ನು ತೆಗೆದುಹಾಕಲು ಪರ್ಕ್ಲೋರಿಕ್ ಆಮ್ಲ ಸೇರಿಸುವುದು ವಾಡಿಕೆ. ಆಮ್ಲ ಬಿದ್ದ ಕೂಡಲೇ ಕೆಂಪು ಕಣ ಒಡೆದು ಹೀಮೊಗ್ಲೋಬಿನ್ ಕೆಡುತ್ತದೆ. ಕಡು ಕೆಂಪು ರಕ್ತ ಕ್ಷಣದಲ್ಲಿ ಕಂದುಬಣ್ಣದ ಮುದ್ದೆಯಾಗುತ್ತದೆ. ಆ ಗಲಿಬಿಲಿಯಲ್ಲಿ ಬಿಡುಗಡೆಯಾದ ಉತ್ಕರ್ಷಕಗಳು ಎಥನಾಲಿನ ಮೇಲೆ ಬೀಳುತ್ತವೆ. ಮುಂದೆ ಆ ಸೀಸೆಯನ್ನು ಹೆಡ್‌ಸ್ಪೇಸ್ ಪರೀಕ್ಷೆಗಾಗಿ 50-60 ಡಿಗ್ರಿಗೆ ಬಿಸಿಮಾಡಿದರೆ ಕ್ರಿಯೆ ಇನ್ನಷ್ಟು ಚುರುಕಾಗುತ್ತದೆ. ರೋಗಿಯ ರಕ್ತದಲ್ಲಿ ಇಲ್ಲದ್ದನ್ನು ಪರೀಕ್ಷೆಯೇ ತಯಾರಿಸಿ, ಪರೀಕ್ಷೆಯೇ ಪತ್ತೆಹಚ್ಚಿದಂತಾಯಿತು.

ಪರಿಹಾರಗಳನ್ನು ಹುಡುಕಿದ್ದು ಒಂದೆರಡಲ್ಲ. ಥಯೊಯೂರಿಯ ಸೇರಿಸಿದರೆ ಕೃತಕ ಉತ್ಪತ್ತಿ ತಗ್ಗುತ್ತದೆ ಎಂದು 1970ರ ದಶಕದಲ್ಲಿ ಕಂಡುಬಂತು. ಮನುಷ್ಯ ರಕ್ತದಲ್ಲಿ ಅದು ಪೂರ್ತಿ ನಿಲ್ಲಲಿಲ್ಲ. ಪ್ಲಾಸ್ಮಾವನ್ನು ಬೇರ್ಪಡಿಸಿ ಅಳೆದರೆ ಹೀಮೊಗ್ಲೋಬಿನ್ನಿನ ಕಾಟ ತಪ್ಪುತ್ತದೆ ನಿಜ. ಆದರೆ ಸೆಂಟ್ರಿಫ್ಯೂಜ್ ತಿರುಗುವ ಅಷ್ಟು ಹೊತ್ತಿನಲ್ಲಿ ಕೆಂಪು ಕಣ ಅಸಿಟಾಲ್ಡಿಹೈಡನ್ನು ನುಂಗಿರುತ್ತದೆ. ಒಂದೆರಡು ಕಣ ಒಡೆದು ಪ್ಲಾಸ್ಮಾ ಗುಲಾಬಿಯಾದರೆ ಮತ್ತೆ ಮೊದಲಿನ ಕಥೆ. ಸೆಮಿಕಾರ್ಬಜೈಡ್ ಎಂಬ ಪದಾರ್ಥ ಅಸಿಟಾಲ್ಡಿಹೈಡನ್ನು ಹಿಡಿದಿಟ್ಟುಕೊಳ್ಳಬಲ್ಲದು. ಅದನ್ನು ಬೆರೆಸಿದ ಮಂಜಿನಷ್ಟು ತಣ್ಣನೆಯ ಲವಣದ್ರಾವಣಕ್ಕೆ ರಕ್ತವನ್ನು ನೇರವಾಗಿ ಬಿಟ್ಟು, ಕೂಡಲೇ ಕಣಗಳನ್ನು ಬೇರ್ಪಡಿಸುವ ಕ್ರಮ ಹೆಚ್ಚು ನಂಬಿಕೆಗೆ ಅರ್ಹವಾಯಿತು. ಇದಕ್ಕೆ ರೋಗಿಯ ಹಾಸಿಗೆಯ ಪಕ್ಕದಲ್ಲೇ ಸೆಂಟ್ರಿಫ್ಯೂಜ್ ಬೇಕು, ಪಳಗಿದ ಕೈ ಬೇಕು. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದು ಜಿಲ್ಲಾ ಕೇಂದ್ರಕ್ಕೆ ಬಸ್ಸಿನಲ್ಲಿ ಕಳಿಸುವ ಮಾದರಿಗೆ ಇದು ಹೇಳಿಮಾಡಿಸಿದ್ದಲ್ಲ.

ಇನ್ನೊಂದು ಉಪಾಯ ತಿದ್ದುಪಡಿಯದು. ಕುಡಿಯುವ ಮೊದಲೇ ಅದೇ ವ್ಯಕ್ತಿಯ ರಕ್ತ ತೆಗೆದು, ಅದಕ್ಕೆ ಗೊತ್ತಾದ ಪ್ರಮಾಣದ ಎಥನಾಲ್ ಬೆರೆಸಿ, ಅದೇ ಆಮ್ಲ, ಅದೇ ಬಿಸಿ, ಅದೇ ಹೊತ್ತು ಕಾಯಿಸಿ, ಹುಟ್ಟಿದ ಅಸಿಟಾಲ್ಡಿಹೈಡನ್ನು ಲೆಕ್ಕದಿಂದ ಕಳೆಯುವುದು. ಕೇಳಲು ಚೆನ್ನಾಗಿದೆ. ಆದರೆ ಕಳೆಯುವ ಅಂಕಿ ಉಳಿಯುವ ಅಂಕಿಗಿಂತ ಹಲವು ಪಟ್ಟು ದೊಡ್ಡದಾಗಿರುವಾಗ, ಕಳೆಯುವುದರಲ್ಲಿನ ಸಣ್ಣ ತಪ್ಪೇ ಉಳಿದದ್ದನ್ನೆಲ್ಲ ನುಂಗಿಬಿಡುತ್ತದೆ. ಜೊತೆಗೆ ಒಬ್ಬೊಬ್ಬರ ರಕ್ತದಲ್ಲಿ ಕೃತಕ ಉತ್ಪತ್ತಿ ಒಂದೊಂದು ಪ್ರಮಾಣದಲ್ಲಿ ಆಗುವುದರಿಂದ, ಒಬ್ಬನ ತಿದ್ದುಪಡಿ ಮತ್ತೊಬ್ಬನಿಗೆ ಹೊಂದುವುದಿಲ್ಲ.

ಪ್ರಯೋಗಾಲಯದ ಗಾಳಿಯನ್ನೂ ಮರೆಯುವಂತಿಲ್ಲ. ಸಿಗರೇಟಿನ ಹೊಗೆಯಲ್ಲಿ, ದ್ರಾವಕಗಳಲ್ಲಿ, ಕೆಲವು ಬಗೆಯ ಪ್ಲಾಸ್ಟಿಕ್ಕಿನಲ್ಲಿ ಅಸಿಟಾಲ್ಡಿಹೈಡ್ ಇದೆ. ಪೆಟ್ ಬಾಟಲಿಯ ನೀರಿಗೆ ಬರುವ ಸಣ್ಣ ಸಿಹಿವಾಸನೆಗೆ ಅದೇ ಕಾರಣ. ದ್ರವ ಕ್ರೊಮಟಾಗ್ರಫಿಗಾಗಿ ಬಳಸುವ ಡೈನೈಟ್ರೊಫೀನೈಲ್ ಹೈಡ್ರಜೀನ್ ಕಾರಕ ಗಾಳಿಯಿಂದಲೇ ಆಲ್ಡಿಹೈಡುಗಳನ್ನು ಹೀರಿಕೊಂಡು ಕೂತಿರುತ್ತದೆ. ರಕ್ತವೇ ಇಲ್ಲದ ಖಾಲಿ ಮಾದರಿಯೂ ಅಸಿಟಾಲ್ಡಿಹೈಡ್ ತೋರಿಸುವುದು ಈ ಕೆಲಸ ಮಾಡಿದವರಿಗೆಲ್ಲ ಪರಿಚಿತ.

ಕುಸಿದ ಅಂಕಿಗಳು

1975ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ಚಾರ್ಲ್ಸ್ ಲೀಬರ್ ಮತ್ತು ಸಂಗಡಿಗರು ಒಂದು ಪ್ರಬಂಧ ಪ್ರಕಟಿಸಿದರು. ಮದ್ಯ ಕೊಟ್ಟ ಮೇಲೆ ಮದ್ಯವ್ಯಸನಿಗಳ ರಕ್ತದಲ್ಲಿ ಅಸಿಟಾಲ್ಡಿಹೈಡ್ ಇತರರಿಗಿಂತ ಹೆಚ್ಚು ಏರುತ್ತದೆ ಎಂಬುದು ಅದರ ಸಾರ. ಎರಡೂ ಗುಂಪುಗಳ ಅಂಕಿಗಳು ಹತ್ತಾರು ಮೈಕ್ರೊಮೋಲ್ ಮಟ್ಟದಲ್ಲಿದ್ದವು. ಅದೇ ದಶಕದಲ್ಲಿ ಅಸಿಟಾಲ್ಡಿಹೈಡ್ ಮಿದುಳಿನ ರಾಸಾಯನಿಕಗಳೊಂದಿಗೆ ಸೇರಿ ಅಫೀಮನ್ನು ಹೋಲುವ ಪದಾರ್ಥಗಳನ್ನು ಹುಟ್ಟಿಸುತ್ತದೆ, ವ್ಯಸನದ ಮೂಲ ಅಲ್ಲಿದೆ ಎಂಬ ಊಹೆಯೂ ಚಾಲ್ತಿಯಲ್ಲಿತ್ತು. ಹತ್ತಾರು ಮೈಕ್ರೊಮೋಲ್ ಅಸಿಟಾಲ್ಡಿಹೈಡ್ ರಕ್ತದಲ್ಲಿ ಸುತ್ತುತ್ತಿದ್ದರೆ ಆ ಊಹೆಗೆ ನೆಲೆ ಸಿಗುತ್ತಿತ್ತು.

ಹೆಲ್ಸಿಂಕಿಯ ಪೀಟರ್ ಎರಿಕ್ಸನ್ ಮೊದಲಾದವರು ಕೃತಕ ಉತ್ಪತ್ತಿಯನ್ನು ಜರಡಿಹಿಡಿದು ನೋಡಿದಂತೆಲ್ಲ ಆರೋಗ್ಯವಂತರ ಅಂಕಿಗಳು ಇಳಿಯುತ್ತಾ ಹೋದವು. ಎರಿಕ್ಸನ್ 1980ರ ದಶಕದ ಆರಂಭದಲ್ಲಿ ಒಮ್ಮೆ, 1993ರಲ್ಲಿ ಮತ್ತೊಮ್ಮೆ ಜಗತ್ತಿನ ಬೇರೆ ಬೇರೆ ಪ್ರಯೋಗಾಲಯಗಳ ವರದಿಗಳನ್ನು ಒಟ್ಟುಹಾಕಿ ವಿಮರ್ಶಿಸಿದ. ಸಾಮಾನ್ಯ ಪಾಶ್ಚಾತ್ಯ ಕುಡಿಗನ ಹೊರ ರಕ್ತದಲ್ಲಿ ಅಸಿಟಾಲ್ಡಿಹೈಡ್ ಅಳತೆಗೆ ಸಿಗುವ ಮಟ್ಟದ ಅಂಚಿನಲ್ಲಿ ಮಾತ್ರ ಇದೆ ಎಂಬುದು ಈ ಬಗೆಯ ಪರಿಶೀಲನೆಯಿಂದ ನೆಲೆಗೊಂಡಿತು. ಮದ್ಯವ್ಯಸನಿಗಳಲ್ಲಿ ಮಟ್ಟ ಸ್ವಲ್ಪ ಹೆಚ್ಚಿರಬಹುದೆಂಬ ಮಾತು ಪೂರ್ತಿ ಬಿದ್ದುಹೋಗಲಿಲ್ಲ. ಬಿದ್ದದ್ದು ಅಂಕಿಗಳ ಗಾತ್ರ. ಹಳೆಯ ಪ್ರಬಂಧಗಳ ಅಂಕಿಗಳನ್ನು ಇಂದಿನವುಗಳ ಪಕ್ಕದಲ್ಲಿಟ್ಟು ಹೋಲಿಸುವವರು ಮೊದಲು ನೋಡಬೇಕಾದ್ದು ಫಲಿತಾಂಶದ ಕೋಷ್ಟಕವನ್ನಲ್ಲ, ವಿಧಾನದ ಪರಿಚ್ಛೇದವನ್ನು.

ಅಸಿಟಾಲ್ಡಿಹೈಡ್ ನಿಜವಾಗಿ ಏರುವ ಸಂದರ್ಭಗಳು ಎರಡು, ಅಲ್ಲಿ ವಿಧಾನದ ದೋಷ ಇಷ್ಟು ಕಾಡುವುದಿಲ್ಲ. ಒಂದು, ಡೈಸಲ್ಫಿರಾಂ ಮಾತ್ರೆ ನುಂಗಿದವರು ಕುಡಿದಾಗ. ಕೋಪನ್‌ಹೇಗನ್ನಿನ ಎರಿಕ್ ಯಾಕೊಬ್ಸನ್ ಮತ್ತು ಯೆನ್ಸ್ ಹಾಲ್ಡ್ ಈ ಮಾತ್ರೆಯನ್ನು ತಾವೇ ನುಂಗಿ, ಮೇಲೆ ಮದ್ಯ ಸೇವಿಸಿ ಅಸ್ವಸ್ಥರಾದದ್ದರಿಂದಲೇ ಅದರ ಗುಣ ಬೆಳಕಿಗೆ ಬಂತು. 1948ರಲ್ಲಿ ಅವರು ಅದನ್ನು ಪ್ರಕಟಿಸಿದರು; ಆ ಕಾಲದ ಒರಟು ವಿಧಾನಗಳಿಗೂ ಏರಿಕೆ ಕಾಣಿಸುವಷ್ಟಿತ್ತು. ಎರಡು, ಜಪಾನ್, ಕೊರಿಯ, ಚೀನಾಗಳ ಜನರಲ್ಲಿ ಮೂರರಲ್ಲಿ ಒಬ್ಬರಿಗಿಂತಲೂ ಹೆಚ್ಚು ಮಂದಿಗೆ ಇರುವ ಎಎಲ್‌ಡಿಎಚ್2ರ ನಿಷ್ಕ್ರಿಯ ರೂಪ. ಭಾರತದ ಬಹುಪಾಲು ಜನರಲ್ಲಿ ಇದು ಅಪರೂಪ. ಈ ರೂಪ ಇರುವವರಿಗೆ ಒಂದು ಲೋಟ ಬಿಯರಿಗೇ ಮುಖ ಕೆಂಪೇರುತ್ತದೆ. ರಕ್ತದಲ್ಲಿ ಅಸಿಟಾಲ್ಡಿಹೈಡ್ ಹತ್ತಾರು ಮೈಕ್ರೊಮೋಲ್ ಮುಟ್ಟುತ್ತದೆ.

ರಕ್ತ ಎಲ್ಲಿಂದ ತೆಗೆದದ್ದು ಎಂಬುದೂ ಮುಖ್ಯ. ಯಕೃತ್ತಿನಿಂದ ಹೊರಬೀಳುವ ಅಭಿಧಮನಿಯಲ್ಲಿ ಅಸಿಟಾಲ್ಡಿಹೈಡ್ ಹೆಚ್ಚು. ತೋಳಿಗೆ ಬರುವಷ್ಟರಲ್ಲಿ ಅಂಗಾಂಶಗಳು ಅದನ್ನು ಕರಗಿಸಿರುತ್ತವೆ. ಬಾಯಿಯ ಬ್ಯಾಕ್ಟೀರಿಯಗಳೂ ಎಥನಾಲಿನಿಂದ ಅಸಿಟಾಲ್ಡಿಹೈಡ್ ತಯಾರಿಸುವುದರಿಂದ ಜೊಲ್ಲಿನಲ್ಲಿ ಅದರ ಮಟ್ಟ ರಕ್ತದ್ದಕ್ಕಿಂತ ಬಹಳ ಮೇಲಿರುತ್ತದೆ. ಸೂಜಿಯನ್ನು ತಪ್ಪಿಸಲು ಉಸಿರನ್ನು ಅಳೆದು ರಕ್ತದ ಲೆಕ್ಕ ಹೇಳುವ ಪ್ರಯತ್ನ ಇಲ್ಲಿಯೇ ಎಡವುತ್ತದೆ: ಉಸಿರಿನಲ್ಲಿ ಬಂದದ್ದು ಶ್ವಾಸಕೋಶದ್ದೋ ಗಂಟಲಿನದ್ದೋ ಹೇಳಲಾಗದು. ಬಾಯಿ ಮತ್ತು ಅನ್ನನಾಳದ ಕ್ಯಾನ್ಸರಿನ ಸಂಶೋಧಕರು ರಕ್ತಕ್ಕಿಂತ ಜೊಲ್ಲಿನ ಕಡೆಗೆ ಹೆಚ್ಚು ನೋಡುವುದು ಅಲ್ಲಿನ ಈ ಹೆಚ್ಚಿನ ಮಟ್ಟದ ಕಾರಣಕ್ಕೆ.

ಬಿಡಿ ಅಸಿಟಾಲ್ಡಿಹೈಡ್ ಕೈಗೆ ಸಿಗದಿದ್ದರೆ ಅಂಟಿಕೊಂಡದ್ದನ್ನು ಅಳೆಯಬಾರದೇಕೆ ಎಂಬ ಯೋಚನೆ ಸಹಜ. ಹೀಮೊಗ್ಲೋಬಿನ್ನಿಗೆ ಬಿಗಿಯಾಗಿ ಕೂತ ಅಸಿಟಾಲ್ಡಿಹೈಡಿನ ಬಗ್ಗೆ 1981ರಿಂದ ವರದಿಗಳಿವೆ. ಕೆಂಪು ಕಣದ ಆಯಸ್ಸು ಸುಮಾರು 120 ದಿನವಾದ್ದರಿಂದ, ಮಧುಮೇಹದ ಎಚ್‌ಬಿಎ1ಸಿ ತಿಂಗಳುಗಳ ಸಕ್ಕರೆಯನ್ನು ಹೇಳುವ ಹಾಗೆ ಇದೂ ತಿಂಗಳುಗಳ ಕುಡಿತವನ್ನು ಹೇಳೀತೆಂಬ ನಿರೀಕ್ಷೆ ಇತ್ತು. ಕುಡಿಯದವರ ರಕ್ತದಲ್ಲೂ ಇಂಥ ಬಂಧಗಳು ಸ್ವಲ್ಪ ಮಟ್ಟಿಗೆ ಇರುವುದು, ಸಡಿಲ ಬಂಧಗಳು ಪರೀಕ್ಷೆಯ ನಡುವೆ ಬಿಚ್ಚಿಕೊಳ್ಳುವುದು ಇವುಗಳಿಂದಾಗಿ ಅದು ದಿನಬಳಕೆಯ ಪರೀಕ್ಷೆಯಾಗಿ ಬೇರೂರಲಿಲ್ಲ. ಮುಂದಿನ ಹೆಜ್ಜೆಯಾದ ಅಸಿಟೇಟ್ ಅಳೆಯುವುದಕ್ಕೆ ಸುಲಭ; ಕುಡಿದಾಗ ಅದು ಲೀಟರಿಗೆ ಒಂದೆರಡು ಮಿಲಿಮೋಲಿಗೆ ಏರಿ ಅಲ್ಲೇ ನಿಲ್ಲುತ್ತದೆ. ಕರುಳಿನ ಬ್ಯಾಕ್ಟೀರಿಯ ಮತ್ತು ಕೊಬ್ಬಿನ ಚಯಾಪಚಯದಿಂದಲೂ ಅಸಿಟೇಟ್ ಬರುವುದರಿಂದ ಅದರ ಸಾಕ್ಷ್ಯಕ್ಕೆ ತೂಕ ಕಡಿಮೆ.

ಎಥೈಲ್ ಗ್ಲುಕುರೊನೈಡ್

ಇದು ನೀರಿನಲ್ಲಿ ಕರಗುವ, ಆವಿಯಾಗದ, ಗಟ್ಟಿ ಪದಾರ್ಥ. ರಕ್ತದಲ್ಲಿ ಎಥನಾಲ್ ಖಾಲಿಯಾದ ಮೇಲೂ ಒಂದು ದಿನದ ಆಸುಪಾಸು, ಮೂತ್ರದಲ್ಲಿ ಇನ್ನೂ ಹೆಚ್ಚು ಕಾಲ ಕಾಣುತ್ತದೆ. ದ್ರವ ಕ್ರೊಮಟಾಗ್ರಫಿಗೆ ಜೋಡಿಸಿದ ಮಾಸ್ ಸ್ಪೆಕ್ಟ್ರೊಮೀಟರ್ ಇದನ್ನು ಸಲೀಸಾಗಿ ಗುರುತಿಸುತ್ತದೆ. ಯಂತ್ರದಲ್ಲಿ ತೊಂದರೆ ಇಲ್ಲ, ಜೀವಿಗಳಲ್ಲಿದೆ. ಮೂತ್ರನಾಳದ ಸೋಂಕಿಗೆ ಸಾಮಾನ್ಯ ಕಾರಣವಾದ ಇ. ಕೊಲೈ ಬ್ಯಾಕ್ಟೀರಿಯ ತನ್ನ ಕಿಣ್ವದಿಂದ ಗ್ಲುಕುರೊನೈಡನ್ನು ಒಡೆಯಬಲ್ಲದು. ಮಾದರಿಯಲ್ಲಿ ಎಥನಾಲ್ ಇದ್ದರೆ ಹೊಸದಾಗಿ ಕಟ್ಟಲೂಬಲ್ಲದು. ಸ್ವೀಡನ್ನಿನ ಆಂಡರ್ಸ್ ಹೆಲಾಂಡರ್ ಮತ್ತು ಸಂಗಡಿಗರು 2005 ಮತ್ತು 2007ರಲ್ಲಿ ಇವೆರಡನ್ನೂ ತೋರಿಸಿದರು. ಎಥೈಲ್ ಸಲ್ಫೇಟಿಗೆ ಈ ಬಾಧೆ ಇಲ್ಲ. ಆದ್ದರಿಂದ ಎರಡನ್ನೂ ಒಟ್ಟಿಗೆ ನೋಡುವುದು ಜಾಣತನ.

ಕುಡಿತ ಬಿಟ್ಟವರ ಮೇಲೆ ನಿಗಾ ಇಡಲು ಇದನ್ನು ಬಳಸುವಾಗ ಇದರ ಸೂಕ್ಷ್ಮತೆಯೇ ಮುಳುವಾಗುತ್ತದೆ. ಎಥನಾಲ್ ಇರುವ ಕೈತೊಳೆಯುವ ದ್ರಾವಣವನ್ನು ದಿನವಿಡೀ ಬಳಸುವ ನರ್ಸ್, ಮೌತ್‌ವಾಶ್ ಬಳಸಿದವರು, ಅರಿಷ್ಟ ಆಸವಗಳನ್ನು ಔಷಧವಾಗಿ ತೆಗೆದುಕೊಳ್ಳುವವರು, ಇವರೆಲ್ಲರ ಮೂತ್ರದಲ್ಲೂ ಇದು ಕಾಣಿಸಿಕೊಳ್ಳಬಹುದು. ದ್ರಾಕ್ಷಾರಿಷ್ಟದಲ್ಲಿ ಹುದುಗುವಿಕೆಯಿಂದಲೇ ಬಂದ ಮದ್ಯಸಾರ ಇರುವುದು ಗೊತ್ತಿದ್ದ ವೈದ್ಯ ಮೊದಲು ಕೇಳುವ ಪ್ರಶ್ನೆ ಬೇರೆಯೇ ಆಗಿರುತ್ತದೆ. ಶವದ ವಿಷಯದಲ್ಲಿ ಮಾತ್ರ ಎಥೈಲ್ ಗ್ಲುಕುರೊನೈಡ್ ದೊಡ್ಡ ಉಪಕಾರಿ. ಎರಡು ದಿನ ಬಿಸಿಲಿನಲ್ಲಿ ಬಿದ್ದಿದ್ದ ಶವದ ರಕ್ತದಲ್ಲಿ ಸಿಕ್ಕ ಎಥನಾಲ್ ಕುಡಿದದ್ದೋ ಕೊಳೆತದ್ದೋ ಎಂಬ ಪ್ರಶ್ನೆಗೆ ಇದು ಬಹುತೇಕ ಉತ್ತರ ಕೊಡುತ್ತದೆ. ಕೊಳೆಯುವಿಕೆ ಎಥನಾಲನ್ನು ಹುಟ್ಟಿಸುತ್ತದೆ. ಗ್ಲುಕುರೊನೈಡನ್ನು ಸಾಮಾನ್ಯವಾಗಿ ಹುಟ್ಟಿಸುವುದಿಲ್ಲ.

ಫಾಸ್ಫಟಿಡೈಲ್ ಎಥನಾಲ್

ಪ್ರಯೋಗಾಲಯದವರ ಬಾಯಲ್ಲಿ ಪೆತ್. ಕೋಶಪೊರೆಯಲ್ಲಿರುವ ಫಾಸ್ಫೊಲೈಪೇಸ್ ಡಿ ಕಿಣ್ವ ನೀರಿನ ಬದಲು ಎಥನಾಲನ್ನು ಹಿಡಿದುಕೊಂಡಾಗ ಹುಟ್ಟುವ ಕೊಬ್ಬು ಇದು. ಎಥನಾಲ್ ಇಲ್ಲದೆ ಇದು ಹುಟ್ಟುವುದೇ ಇಲ್ಲ. ಆದ್ದರಿಂದ ನಿರ್ದಿಷ್ಟತೆಯಲ್ಲಿ ಇದಕ್ಕೆ ಎದುರಿಲ್ಲ. ಕೆಂಪು ಕಣಕ್ಕೆ ಇದನ್ನು ಕಳಚಿಹಾಕುವ ಶಕ್ತಿ ಕಡಿಮೆ. ಅರ್ಧಾಯುಷ್ಯ ಸುಮಾರು ನಾಲ್ಕರಿಂದ ಹತ್ತು ದಿನ, ಅದೂ ವ್ಯಕ್ತಿಯಿಂದ ವ್ಯಕ್ತಿಗೆ ಬೇರೆ.

ಇಲ್ಲಿ ಅಸಿಟಾಲ್ಡಿಹೈಡಿನ ಹಳೆಯ ಸಂಕಟ ಬೇರೆ ವೇಷದಲ್ಲಿ ಮರಳುತ್ತದೆ. ಕುಡಿದು ಬಂದವನ ರಕ್ತ ತೆಗೆದರೆ ಟ್ಯೂಬಿನೊಳಗೆ ಕಿಣ್ವವೂ ಇದೆ, ಎಥನಾಲೂ ಇದೆ. ಕೋಣೆಯ ಬಿಸಿಗೆ ಇಟ್ಟಷ್ಟು ಹೊತ್ತೂ ಪೆತ್ ಬೆಳೆಯುತ್ತದೆ. ಮೈನಸ್ 20 ಡಿಗ್ರಿಯ ಫ್ರೀಜರಿನಲ್ಲಿಟ್ಟರೂ ಏರಿಕೆ ಕಂಡುಬಂದಿದೆ; ಮೈನಸ್ 80ರಲ್ಲಿ ಮಾತ್ರ ಅದು ಸ್ತಬ್ಧ. ಪ್ರತಿಬಂಧಕ ರಾಸಾಯನಿಕವನ್ನು ಬೆರೆಸುವುದು ಒಂದು ಉಪಾಯ. ಇನ್ನೊಂದು, ಬೆರಳ ತುದಿಯ ಹನಿಯನ್ನು ವಿಶೇಷ ಕಾಗದದ ಮೇಲೆ ಬೀಳಿಸಿ ಒಣಗಿಸುವುದು. ಒಣಗಿದ ಮೇಲೆ ಕಿಣ್ವ ಬಹುಮಟ್ಟಿಗೆ ನಿಲ್ಲುತ್ತದೆ, ಶೀತಲ ಪೆಟ್ಟಿಗೆ ಬೇಡ, ಅಂಚೆಯಲ್ಲೇ ಕಳಿಸಬಹುದು. ನಮ್ಮಂಥ ದೇಶಕ್ಕೆ ಹೇಳಿಮಾಡಿಸಿದಂತಿದೆ ಎನಿಸುತ್ತದೆ. ಆದರೆ ಮಳೆಗಾಲದ ಮಂಗಳೂರಿನಲ್ಲಿ ಕಾಗದ ಒಣಗಲು ತೆಗೆದುಕೊಳ್ಳುವ ಹೊತ್ತು ಬಯಲುಸೀಮೆಯಲ್ಲಿ ಬೇಕಾಗುವುದಿಲ್ಲ. ರಕ್ತಹೀನತೆ ಇರುವವರ ತೆಳು ರಕ್ತ ಕಾಗದದ ಮೇಲೆ ಹೆಚ್ಚು ಅಗಲಕ್ಕೆ ಹರಡುತ್ತದೆ. ಅದೇ ಅಳತೆಯ ಚುಕ್ಕೆಯನ್ನು ಕತ್ತರಿಸಿದರೆ ಅದರಲ್ಲಿ ರಕ್ತವೇ ಕಡಿಮೆ. ಮೇಲಾಗಿ ಪೆತ್ ಕೂತಿರುವುದು ಕೆಂಪು ಕಣದಲ್ಲಿ, ಕಣ ಕಡಿಮೆಯಾದರೆ ಪೆತ್ ಕೂಡ ಕಡಿಮೆ. ರಕ್ತ ಹಾಕಿಸಿಕೊಂಡವರ ವಿಷಯದಲ್ಲಿ ರಕ್ತದಾನಿಯ ಪೆತ್ ಸಹ ಲೆಕ್ಕಕ್ಕೆ ಬರುತ್ತದೆ.

ಪೆತ್ ಒಂದೇ ಪದಾರ್ಥವಲ್ಲ, ಕೊಬ್ಬಿನ ಆಮ್ಲಗಳ ಜೋಡಣೆಗೆ ತಕ್ಕಂತೆ ಹತ್ತಾರು ರೂಪಗಳ ಕುಟುಂಬ. ಹಳೆಯ ವಿಧಾನಗಳು ಎಲ್ಲವನ್ನೂ ಒಟ್ಟಿಗೆ ಅಳೆದರೆ ಈಗಿನವು 16:0/18:1 ಎಂಬ ಒಂದೇ ರೂಪವನ್ನು ಅಳೆಯುತ್ತವೆ. ಹೆಸರು ಒಂದೇ, ಅಂಕಿ ಎರಡು. ಮಾನಗಳ ಗೊಂದಲವೂ ಸೇರಿಕೊಂಡಿದೆ. 2022ರ ತಜ್ಞರ ಬಾಸೆಲ್ ಒಮ್ಮತ ಮಿಲಿಲೀಟರಿಗೆ 20 ಮತ್ತು 200 ನ್ಯಾನೊಗ್ರಾಂಗಳನ್ನು ಕುಡಿತದ ಮಟ್ಟ ಬೇರ್ಪಡಿಸುವ ಗೆರೆಗಳಾಗಿ ಒಪ್ಪಿಕೊಂಡಿತು. ಸ್ವೀಡನ್ ಮೈಕ್ರೊಮೋಲಿನಲ್ಲಿ ಹೇಳುತ್ತದೆ; ಅಲ್ಲಿನ ಗೆರೆಗಳು ಲೀಟರಿಗೆ 0.05 ಮತ್ತು 0.30. ಪರಿವರ್ತಿಸಿದರೆ ಮೇಲಿನವು ಹೆಚ್ಚು ಕಡಿಮೆ ಹೊಂದುತ್ತವೆ, ಕೆಳಗಿನವು ಹೊಂದುವುದಿಲ್ಲ: 0.05 ಎಂದರೆ ಸುಮಾರು 35 ನ್ಯಾನೊಗ್ರಾಂ. ಒಬ್ಬನ ರಕ್ತದಲ್ಲಿ 25 ನ್ಯಾನೊಗ್ರಾಂ ಇದ್ದರೆ ಒಂದು ಪಟ್ಟಿಯ ಪ್ರಕಾರ ಅವನು ಕುಡಿದವನು, ಇನ್ನೊಂದರ ಪ್ರಕಾರ ಕೆಳಗೆರೆಯ ಒಳಗಿರುವವನು. ಮಕ್ಕಳು ಯಾರ ಜೊತೆ ಇರಬೇಕು, ಯಕೃತ್ತಿನ ಕಸಿಗೆ ಹೆಸರು ಪಟ್ಟಿಯಲ್ಲಿ ಉಳಿಯಬೇಕೇ ಎಂಬಂಥ ತೀರ್ಮಾನಗಳಿಗೆ ಇಂಥ ಅಂಕಿಗಳು ಹೋಗುತ್ತಿರುವಾಗ ಇದು ಸಣ್ಣ ಮಾತಲ್ಲ.

ಕುಡಿತದ ಇನ್ನೊಂದು ಸೂಚಕವಾದ ಕಾರ್ಬೊಹೈಡ್ರೇಟ್ ಕೊರತೆಯ ಟ್ರಾನ್ಸ್‌ಫೆರಿನ್, ಅಂದರೆ ಸಿಡಿಟಿ, ನೇರ ಉಪೋತ್ಪನ್ನವಲ್ಲ. ವಾರಗಟ್ಟಲೆ ಹೆಚ್ಚು ಕುಡಿದಾಗ ಕಬ್ಬಿಣ ಸಾಗಿಸುವ ಪ್ರೋಟೀನು ತನ್ನ ಸಕ್ಕರೆಯ ಬಾಲಗಳನ್ನು ಕಳೆದುಕೊಳ್ಳುವುದರ ಗುರುತು. ಸ್ವೀಡನ್ನಿನ ಹೆಲೆನಾ ಸ್ಟಿಬ್ಲರ್ 1970ರ ದಶಕದ ಕೊನೆಯಲ್ಲಿ ಇದನ್ನು ಮುಂದಿಟ್ಟಳು. ಕಬ್ಬಿಣದ ಕೊರತೆಯಲ್ಲಿ ಒಟ್ಟು ಟ್ರಾನ್ಸ್‌ಫೆರಿನ್ ಏರುವುದರಿಂದ ಇದನ್ನು ಶೇಕಡಾವಾರಿನಲ್ಲೇ ಹೇಳಬೇಕು. ರಕ್ತಹೀನತೆ ಹೆಚ್ಚಾಗಿರುವ ನಮ್ಮ ಹೆಂಗಸರ ವಿಷಯದಲ್ಲಿ ಇದನ್ನು ಮರೆತರೆ ತಪ್ಪು ಆರೋಪಕ್ಕೆ ದಾರಿ. ಹುಟ್ಟಿನಿಂದಲೇ ಬೇರೆ ರೂಪದ ಟ್ರಾನ್ಸ್‌ಫೆರಿನ್ ಇರುವವರಲ್ಲೂ ಪರೀಕ್ಷೆ ದಾರಿ ತಪ್ಪುತ್ತದೆ.

ಮೆಥನಾಲ್ ಮತ್ತು ಫಾರ್ಮೇಟ್

ಕರ್ನಾಟಕಕ್ಕೆ ಮದ್ಯದ ಉಪೋತ್ಪನ್ನ ಎಂದರೆ ಮೊದಲು ನೆನಪಾಗಬೇಕಾದ್ದು ಇದು. 1981ರಲ್ಲಿ ಬೆಂಗಳೂರಿನ ಕಳ್ಳಭಟ್ಟಿ ದುರಂತದಲ್ಲಿ 300ಕ್ಕೂ ಹೆಚ್ಚು ಜನ ಸತ್ತರು. 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ ಮತ್ತು ನೆರೆಯ ಕೃಷ್ಣಗಿರಿಯ ಕಡೆ 150ಕ್ಕೂ ಹೆಚ್ಚು ಜನ. ಮೆಥನಾಲ್ ತಾನಾಗಿ ದೊಡ್ಡ ವಿಷವಲ್ಲ. ಎಥನಾಲನ್ನು ಒಡೆಯುವ ಕಿಣ್ವವೇ ಅದನ್ನು ಫಾರ್ಮಾಲ್ಡಿಹೈಡ್ ಆಗಿಸುತ್ತದೆ. ಅದು ಒಂದೆರಡು ನಿಮಿಷದಲ್ಲಿ ಫಾರ್ಮಿಕ್ ಆಮ್ಲವಾಗುತ್ತದೆ, ಆದ್ದರಿಂದ ರಕ್ತದಲ್ಲಿ ಫಾರ್ಮಾಲ್ಡಿಹೈಡ್ ಹುಡುಕುವುದು ವ್ಯರ್ಥ. ಮನುಷ್ಯ ದೇಹ ಫಾರ್ಮೇಟನ್ನು ನಿಧಾನವಾಗಿ ಮಾತ್ರ ಕರಗಿಸುವುದರಿಂದ ಅದು ಪೇರುತ್ತಾ ಹೋಗಿ ಕಣ್ಣಿನ ನರವನ್ನು ಸುಡುತ್ತದೆ.

ರೋಗಿಯ ಸ್ಥಿತಿಯನ್ನು ಮೆಥನಾಲಿಗಿಂತ ಫಾರ್ಮೇಟ್ ಚೆನ್ನಾಗಿ ಹೇಳುತ್ತದೆ. ಆದರೆ ಗ್ಯಾಸ್ ಕ್ರೊಮಟಾಗ್ರಫಿಯಲ್ಲಿ ಸಾಮಾನ್ಯವಾಗಿ ಬಳಸುವ ಜ್ವಾಲಾ ಶೋಧಕಕ್ಕೆ ಫಾರ್ಮಿಕ್ ಆಮ್ಲ ಹೆಚ್ಚುಕಡಿಮೆ ಕುರುಡು. ಹೀಗಾಗಿ ರಕ್ತಕ್ಕೆ ಗಂಧಕಾಮ್ಲ ಮತ್ತು ಮೆಥನಾಲ್ ಬೆರೆಸಿ ಅದನ್ನು ಮೀಥೈಲ್ ಫಾರ್ಮೇಟ್ ಆಗಿ ಬದಲಿಸಿ, ಅದರ ಆವಿಯನ್ನು ಅಳೆಯುತ್ತಾರೆ. ಮೆಥನಾಲ್ ವಿಷದ ಪರೀಕ್ಷೆಗೆ ಮೆಥನಾಲನ್ನೇ ಸುರಿಯುವುದು ವಿಚಿತ್ರವಾಗಿ ಕಂಡರೂ ಲೆಕ್ಕ ಕೆಡುವುದಿಲ್ಲ. ರೋಗಿಯ ಮೆಥನಾಲನ್ನು ಮಾತ್ರ ಬೇರೆ ಸೀಸೆಯಲ್ಲಿ ಅಳೆಯಬೇಕು. ಫಾರ್ಮೇಟ್ ಆರೋಗ್ಯವಂತರಲ್ಲೂ ಸ್ವಲ್ಪ ಇರುತ್ತದೆ ಎಂಬುದನ್ನು ನೆನಪಿಡಬೇಕು.

ರಾತ್ರಿ ಎರಡು ಗಂಟೆಗೆ ಕಣ್ಣು ಮಂಜಾಗಿದೆ ಎಂದು ಇಪ್ಪತ್ತು ಜನ ಒಟ್ಟಿಗೆ ಬಂದಿಳಿಯುವ ಜಿಲ್ಲಾಸ್ಪತ್ರೆಯಲ್ಲಿ ಈ ಪರೀಕ್ಷೆಯನ್ನು ನಿರೀಕ್ಷಿಸುವಂತಿಲ್ಲ. ಅಲ್ಲಿ ವೈದ್ಯರು ನೋಡುವುದು ಎರಡು ಅಂತರಗಳನ್ನು: ರಕ್ತದ ಆಸ್ಮೊಲಾಲಿಟಿ (ಕರಗಿದ ಕಣಗಳ ಒಟ್ಟು ಸಾಂದ್ರತೆ) ಲೆಕ್ಕಕ್ಕಿಂತ ಎಷ್ಟು ಹೆಚ್ಚು, ಅಯಾನುಗಳ ಕೂಡುಕಳೆಯಲ್ಲಿ ಎಷ್ಟು ವ್ಯತ್ಯಾಸ. ಮೆಥನಾಲ್ ಇನ್ನೂ ಒಡೆಯದಿರುವಾಗ ಮೊದಲನೆಯ ಅಂತರ ದೊಡ್ಡದು, ಎರಡನೆಯದು ಸಣ್ಣದು. ಹೊತ್ತು ಹೋದಂತೆ ಮೆಥನಾಲ್ ಇಳಿದು ಫಾರ್ಮೇಟ್ ಏರುವುದರಿಂದ ಮೊದಲನೆಯದು ಕುಗ್ಗಿ ಎರಡನೆಯದು ಹಿಗ್ಗುತ್ತದೆ. ತಡವಾಗಿ ಬಂದವನಲ್ಲಿ ಮೆಥನಾಲ್ ಪರೀಕ್ಷೆ ಇಲ್ಲವೆನ್ನುವಷ್ಟು ಕಡಿಮೆ ತೋರಿಸಬಹುದು, ಆಸ್ಮೊಲಾಲಿಟಿಯೂ ಸರಿಯಾಗೇ ಇರಬಹುದು. ಅಷ್ಟರಿಂದ ವಿಷವಲ್ಲ ಎಂದು ಕೈಬಿಡುವಂತಿಲ್ಲ. ಕಳ್ಳಭಟ್ಟಿಯಲ್ಲಿ ಮೆಥನಾಲಿನ ಜೊತೆ ಎಥನಾಲೂ ಬೆರೆತಿದ್ದರೆ ಕಿಣ್ವ ಮೊದಲು ಎಥನಾಲಿನ ಕೆಲಸ ಮುಗಿಸಿ ಆಮೇಲೆ ಮೆಥನಾಲಿಗೆ ಕೈಹಾಕುತ್ತದೆ. ಅಂಥವನ ಮೊದಲ ರಕ್ತದಲ್ಲಿ ಫಾರ್ಮೇಟ್ ಇನ್ನೂ ಹುಟ್ಟಿಯೇ ಇರುವುದಿಲ್ಲ. ಆತನನ್ನು ಮನೆಗೆ ಕಳಿಸದೆ ಕೆಲವು ಗಂಟೆಗಳ ನಂತರ ಮತ್ತೆ ರಕ್ತ ತೆಗೆದು ನೋಡಬೇಕಾಗುತ್ತದೆ.